ಸಿಂಹಗಳ ಊರಿನಲ್ಲಿ ಏಳು ದಿನ

ಬಿಲ್ಬಾವೊ ಊರಿನವರು ತಮ್ಮ ಮಳೆಗೊಂದು ಮುದ್ದಿನ ಹೆಸರಿಟ್ಟಿದ್ದಾರೆ: ‘ಸಿರಿಮಿರಿ’. ನಮ್ಮ ಮಲೆನಾಡಿನ ಸೋನೆ ಮಳೆಯಂಥದ್ದೇ ಅದು. ಕೊಡೆ ಬಿಚ್ಚಿದರೆ ಇಷ್ಟಕ್ಕೆಲ್ಲ ಕೊಡೆಯೇ ಅನ್ನಿಸುತ್ತದೆ. ಬಿಚ್ಚದಿದ್ದರೆ ಅರ್ಧ ಗಂಟೆಯಲ್ಲಿ ಅಂಗಿ ಮೈಗೆ ಅಂಟಿರುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ನಾನು ಅಲ್ಲಿದ್ದದ್ದು ಏಳು ದಿನ. ಅದರಲ್ಲಿ ಐದು ದಿನ ಸಿರಿಮಿರಿ ಬಿಟ್ಟೂ ಬಿಡದೆ ಹಿಡಿದುಕೊಂಡಿತ್ತು. ಮಳೆ ಬಂತೆಂದು ಆಟ ನಿಲ್ಲಿಸಿದ ಒಬ್ಬ ಹುಡುಗನನ್ನೂ ನಾನು ನೋಡಲಿಲ್ಲ.

ಬಿಲ್ಬಾವೊ ಇರುವುದು ಸ್ಪೇನ್ ದೇಶದ ಉತ್ತರದ ಅಂಚಿನಲ್ಲಿ, ಬಾಸ್ಕ್ ಜನರ ನಾಡಿನಲ್ಲಿ. ಸುತ್ತ ಹಸಿರು ಗುಡ್ಡಗಳು, ನಡುವೆ ನೆರ್ವಿಯೋನ್ ನದಿ. ಒಂದು ಕಾಲಕ್ಕೆ ಇದು ಕಬ್ಬಿಣದ ಗಣಿಗಳ, ಹಡಗು ಕಟ್ಟುವವರ ಊರು. ಈಗ ಪ್ರವಾಸಿಗರು ಹೆಚ್ಚಾಗಿ ಬರುವುದು 1997ರಲ್ಲಿ ಬಾಗಿಲು ತೆರೆದ ಗುಗ್ಗೆನ್‌ಹೈಮ್ ಕಲಾ ಸಂಗ್ರಹಾಲಯ ನೋಡಲು. ಅದರ ಮುಂದೆ ಮೈತುಂಬ ನಿಜವಾದ ಹೂಗಿಡಗಳನ್ನೇ ಹೊದ್ದುಕೊಂಡ ಒಂದು ಭಾರಿ ನಾಯಿಮರಿ ಕೂತಿದೆ. ಮಕ್ಕಳೇ, ನೀವು ಹೋದರೆ ಅದನ್ನು ಬಿಟ್ಟು ಬರಲಾರಿರಿ. ನಾನು ಒಂದು ಫೋಟೊ ತೆಗೆದುಕೊಂಡು ಮುಂದೆ ನಡೆದೆ. ನನಗೆ ಬೇರೆ ಕೆಲಸವಿತ್ತು.

ಬೆಂಗಳೂರಿನಲ್ಲಿ ನಾನು ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಬೇರೆ ಬೇರೆ ದೇಶಗಳ ತರಬೇತುದಾರರ ಗುಂಪಿನೊಂದಿಗೆ, ಒಂದು ದೊಡ್ಡ ಕ್ಲಬ್ ತನ್ನ ಮಕ್ಕಳನ್ನು ಹೇಗೆ ಬೆಳೆಸುತ್ತದೆ ಎಂದು ನೋಡಿ ಕಲಿಯಲು ಹೋಗಿದ್ದೆ. ಆ ಕ್ಲಬ್ಬಿನ ಹೆಸರು ‘ಅಥ್ಲೆಟಿಕ್ ಕ್ಲಬ್’. ಹುಟ್ಟಿದ್ದು 1898ರಲ್ಲಿ. ಇಂಗ್ಲೆಂಡಿನಲ್ಲಿ ಓದಿ ಬಂದ ಊರಿನ ಹುಡುಗರು ಮತ್ತು ಇಲ್ಲಿಗೆ ಕೆಲಸಕ್ಕೆ ಬಂದ ಇಂಗ್ಲಿಷರು ಈ ಆಟವನ್ನು ಇಲ್ಲಿ ನೆಟ್ಟರು. ಕೆಂಪು ಬಿಳಿ ಪಟ್ಟೆಯ ಅಂಗಿ, ಕರಿ ಚಡ್ಡಿ.

ಪ್ರಪಂಚದಲ್ಲಿ ದೊಡ್ಡ ಕ್ಲಬ್ಬುಗಳು ಬೇಕಾದಷ್ಟಿವೆ. ಆದರೆ ಈ ಕ್ಲಬ್ಬಿಗೆ ಇರುವಂಥ ಪದ್ಧತಿ ಅವುಗಳಿಗಿಲ್ಲ. ಬಾಸ್ಕ್ ನಾಡಿನಲ್ಲಿ ಹುಟ್ಟಿದವರು, ಇಲ್ಲವೇ ಆ ನಾಡಿನ ಮೈದಾನಗಳಲ್ಲಿ ಆಟ ಕಲಿತು ಬೆಳೆದವರು ಮಾತ್ರ ಇಲ್ಲಿ ಆಡಬಹುದು. ಬೇರೆಯವರು ಬ್ರೆಜಿಲಿನಿಂದಲೋ ಅರ್ಜೆಂಟೀನದಿಂದಲೋ ಕೋಟಿಗಟ್ಟಲೆ ಸುರಿದು ಆಟಗಾರರನ್ನು ತರಿಸುವಾಗ ಇವರು ತಮ್ಮ ಊರಿನ ಕಡೆಗೇ ತಿರುಗಿ ನೋಡಬೇಕು. ಹಳಬರಿಗೆ ಅರ್ಥವಾಗುವಂತೆ ಹೇಳುವುದಾದರೆ, ಜಾತ್ರೆಯ ಕುಸ್ತಿಗೆ ಹೊರಗಿನ ಪೈಲ್ವಾನನನ್ನು ದುಡ್ಡು ಕೊಟ್ಟು ಕರೆಸದೆ ಊರಿನ ಗರಡಿಯ ಹುಡುಗನನ್ನೇ ಅಖಾಡಕ್ಕೆ ಇಳಿಸಿದ ಹಾಗೆ. ಅದೂ ಒಂದೆರಡು ವರ್ಷವಲ್ಲ, ನೂರು ವರ್ಷಕ್ಕೂ ಮೇಲೆ.

ಹಾಗಾದರೆ ಸೋಲುತ್ತಲೇ ಇರುತ್ತಾರೇನೋ ಅಂದುಕೊಳ್ಳಬೇಡಿ. ಸ್ಪೇನಿನ ಲೀಗ್ ಶುರುವಾದದ್ದು 1929ರಲ್ಲಿ. ಅಂದಿನಿಂದ ಇಂದಿನವರೆಗೆ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗಿಳಿಯದ ಕ್ಲಬ್ಬುಗಳು ಮೂರೇ ಮೂರು. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಮೂರನೆಯದು ಇದು. ಲೀಗನ್ನು ಎಂಟು ಸಲ ಗೆದ್ದಿದೆ. ಕ್ಲಬ್ಬಿಗೆ ಮಾಲೀಕನೆಂಬ ಸಾಹುಕಾರನೂ ಇಲ್ಲ. ಸದಸ್ಯರದ್ದೇ ಕ್ಲಬ್, ಅಧ್ಯಕ್ಷನನ್ನು ಆರಿಸುವವರೂ ಅವರೇ.

ಮೊದಲ ದಿನ ನಮ್ಮನ್ನು ಕ್ರೀಡಾಂಗಣಕ್ಕೆ ಕರೆದೊಯ್ದರು. ಅದರ ಹೆಸರು ಸಾನ್ ಮಮೆಸ್. ಮಮೆಸ್ ಎಂಬುವನು ಪುರಾತನ ಕಾಲದ ಒಬ್ಬ ಸಂತ. ಅವನನ್ನು ಸಿಂಹಗಳ ಮುಂದೆ ಎಸೆದರಂತೆ. ಸಿಂಹಗಳು ಅವನನ್ನು ಮುಟ್ಟದೆ ಸುಮ್ಮನೆ ಕೂತವಂತೆ. ಆ ಕತೆಯಿಂದಾಗಿ ಈ ಕ್ಲಬ್ಬಿನ ಆಟಗಾರರಿಗೆ ‘ಸಿಂಹಗಳು’ ಎಂದೇ ಹೆಸರು. ನಮ್ಮ ಬೆಂಗಳೂರಿನ ಫುಟ್‌ಬಾಲ್ ನಡೆಯುವುದು ಕಂಠೀರವ ಕ್ರೀಡಾಂಗಣದಲ್ಲಿ. ಕಂಠೀರವ ಎಂದರೂ ಸಿಂಹವೇ ತಾನೇ! ಇದನ್ನು ನಮ್ಮ ಮಾರ್ಗದರ್ಶಿಗೆ ಹೇಳಿದಾಗ ಆತ ಜೋರಾಗಿ ನಕ್ಕು ನನ್ನ ಕೈ ಕುಲುಕಿದ. ಆಮೇಲೆ ಏಳು ದಿನವೂ ನನ್ನನ್ನು ‘ಕಂಠೀರವ’ ಎಂದೇ ಕರೆದ, ತನಗೆ ಬಂದ ಉಚ್ಚಾರದಲ್ಲಿ.

ಈಗಿನ ಸಾನ್ ಮಮೆಸ್ 2013ರಲ್ಲಿ ಕಟ್ಟಿದ್ದು. ಸುಮಾರು 53,000 ಜನ ಕೂರಬಹುದು. ಹಳೆಯದು ಪಕ್ಕದಲ್ಲೇ ಇತ್ತು, 1913ರದ್ದು. ಹಳೆಯ ಮೈದಾನದಲ್ಲಿ ಮೊಟ್ಟಮೊದಲ ಗೋಲು ಹೊಡೆದವನನ್ನು ಎಲ್ಲರೂ ‘ಪಿಚಿಚಿ’ ಎಂದು ಕರೆಯುತ್ತಿದ್ದರು. ಕುಳ್ಳಗಿನ ಆಳು, ತಲೆಗೆ ಬಿಳಿ ಕರವಸ್ತ್ರ ಕಟ್ಟಿಕೊಂಡು ಆಡುತ್ತಿದ್ದ. 1922ರಲ್ಲಿ ಕಾಯಿಲೆ ಬಿದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೇ ತೀರಿಕೊಂಡ. ಸ್ಪೇನಿನಲ್ಲಿ ಪ್ರತಿವರ್ಷ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿ ಇಂದಿಗೂ ಅವನ ಹೆಸರಿನಲ್ಲಿದೆ. ಕ್ರೀಡಾಂಗಣದಲ್ಲಿ ಅವನ ಎದೆಮಟ್ಟದ ಪ್ರತಿಮೆ ಇದೆ. ಇಲ್ಲಿಗೆ ಮೊದಲ ಸಲ ಆಡಲು ಬರುವ ತಂಡದ ನಾಯಕ ಆಟಕ್ಕೆ ಮುಂಚೆ ಆ ಪ್ರತಿಮೆಯ ಮುಂದೆ ಹೂಗುಚ್ಛ ಇಡಬೇಕು. ಎದುರಾಳಿಯ ಹಿರಿಯನಿಗೆ ಹೂವಿಟ್ಟು ಆಟ ಶುರುಮಾಡುವುದು! ನಾನು ಕಂಡ ಕ್ರೀಡಾ ಸಂಪ್ರದಾಯಗಳಲ್ಲೆಲ್ಲ ನನಗೆ ತುಂಬ ಹಿಡಿಸಿದ್ದು ಇದು.

ಹುಡುಗಿಯರಿಗೂ ಒಂದು ಮಾತು. 2019ರ ಜನವರಿ 30ರಂದು ಈ ಕ್ರೀಡಾಂಗಣದಲ್ಲಿ ಮಹಿಳೆಯರ ಒಂದು ಪಂದ್ಯ ನಡೆಯಿತು. ನೋಡಲು ಬಂದವರು 48,121 ಮಂದಿ. ಅಥ್ಲೆಟಿಕ್ಕಿನ ಮಹಿಳಾ ತಂಡ ಸ್ಪೇನಿನ ಲೀಗನ್ನು ಐದು ಸಲ ಗೆದ್ದಿದೆ. ನನ್ನ ಬಳಿ ಕಲಿಯುವ ನಾಲ್ವರು ಹುಡುಗಿಯರಿಗೆ ತೋರಿಸಲೆಂದು ಅವರ ಚಿತ್ರವನ್ನೂ ತಂದಿದ್ದೇನೆ.

ನದಿಯ ದಂಡೆಯಲ್ಲಿ ಹಡಗುಗಳ ಸಂಗ್ರಹಾಲಯವಿದೆ. ಅಲ್ಲಿ ‘ಗಬಾರ್ರಾ’ ಎಂಬ ದೋಣಿಯನ್ನು ನಿಲ್ಲಿಸಿದ್ದಾರೆ. ಸರಕು ಸಾಗಿಸುವ ಚಪ್ಪಟೆ ದೋಣಿ, ನೋಡಲು ಏನೇನೂ ಚಂದವಿಲ್ಲ. ಆದರೆ ತಂಡ ದೊಡ್ಡ ಕಪ್ ಗೆದ್ದರೆ ಆಟಗಾರರೆಲ್ಲ ಇದನ್ನೇರಿ ನದಿಯಲ್ಲಿ ಮೆರವಣಿಗೆ ಬರುತ್ತಾರೆ. ನಮ್ಮ ದೇವಸ್ಥಾನಗಳ ತೆಪ್ಪೋತ್ಸವವೇ ಸರಿ. 1983ರಲ್ಲಿ, 1984ರಲ್ಲಿ ಹಾಗೆ ಬಂದರು. ಆಮೇಲೆ ಗಬಾರ್ರಾ ಸುಮ್ಮನೆ ನಿಂತಿತು, ಒಂದಲ್ಲ ಎರಡಲ್ಲ, ನಲವತ್ತು ವರ್ಷ! 2024ರ ಏಪ್ರಿಲ್ 6ರಂದು ರಾಜನ ಕಪ್ಪಿನ ಫೈನಲ್‌ನಲ್ಲಿ ಮಯ್ಯೋರ್ಕಾ ತಂಡವನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿದಾಗ ಅದು ಮತ್ತೆ ನೀರಿಗಿಳಿಯಿತು. ಎರಡೂ ದಡಗಳಲ್ಲಿ ಜನಸಾಗರ. ಸಂಗ್ರಹಾಲಯದಲ್ಲಿ ಸಿಕ್ಕ ಒಬ್ಬ ತಾತ, ತಲೆಯ ಮೇಲೆ ಅಗಲವಾದ ಕರಿ ಬಾಸ್ಕ್ ಟೋಪಿ, ಮೊಮ್ಮಗಳಿಗೆ ದೋಣಿ ತೋರಿಸಲು ಬಂದಿದ್ದರು. ‘84ರಲ್ಲಿ ಇವಳ ಅಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ್ದೆ. 2024ರಲ್ಲಿ ಇವಳನ್ನು ಕೂರಿಸಿಕೊಳ್ಳೋಣ ಅಂದರೆ ನನ್ನ ಹೆಗಲು ಒಪ್ಪಲಿಲ್ಲ, ಇವಳ ಅಮ್ಮನೇ ಹೊತ್ತಳು’ ಎಂದರು. ನಲವತ್ತು ವರ್ಷ ದೊಡ್ಡ ಕಪ್ ಇಲ್ಲದಿದ್ದರೂ ಪದ್ಧತಿ ಬದಲಿಸೋಣ ಎನ್ನಿಸಲಿಲ್ಲವೇ ಎಂದು ಕೇಳಿದೆ. ನಾನೇನೋ ವಿಚಿತ್ರ ಕೇಳಿದೆನೆಂಬಂತೆ ನನ್ನ ಮುಖ ನೋಡಿದರು. ‘ಬೇರೆಯವರು ಗೆದ್ದುಕೊಟ್ಟರೆ ನಾವು ಗೆದ್ದ ಹಾಗೆ ಹೇಗಾಗುತ್ತದೆ?’

ಎರಡನೆಯ ದಿನದಿಂದ ನಮ್ಮ ನಿಜವಾದ ಪಾಠ. ಊರಿನಿಂದ ಪುಟ್ಟ ರೈಲು ಹತ್ತಿದರೆ ಸುಮಾರು ಹತ್ತು ಕಿಲೋಮೀಟರ್ ಆಚೆ ಕೊನೆಯ ನಿಲ್ದಾಣ ಲೆಸಾಮಾ. ಈ ಕಣಿವೆಯ ಹೆಸರು ಚೊರಿಯೆರ್ರಿ, ಅಂದರೆ ಹಕ್ಕಿಗಳ ನಾಡು. ಹೊಲ, ಹೆಂಚಿನ ಮನೆ, ಮೇಯುವ ದನ. ಅವುಗಳ ನಡುವೆ 1971ರಿಂದ ಕ್ಲಬ್ಬಿನ ತರಬೇತಿ ಮೈದಾನಗಳು. ಹಳೆಯ ಸಾನ್ ಮಮೆಸ್ ಕೆಡವಿದಾಗ ಅದರ ನೆತ್ತಿಯ ಮೇಲಿದ್ದ ದೊಡ್ಡ ಬಿಳಿ ಕಮಾನನ್ನು ಗುಜರಿಗೆ ಹಾಕಲಿಲ್ಲ. ಅದನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. ಅಜ್ಜಂದಿರು ಅರವತ್ತು ವರ್ಷ ತಲೆಯೆತ್ತಿ ನೋಡಿದ ಕಮಾನಿನ ಕೆಳಗೆ ಈಗ ಕಿರಿಯರ ಪಂದ್ಯ ನಡೆಯುತ್ತದೆ.

ಇಂಥ ಜಾಗಕ್ಕೆ ಸ್ಪೇನಿನವರು ‘ಕಂತೆರಾ’ ಎನ್ನುತ್ತಾರೆ. ಅರ್ಥ ಕೇಳಿದರೆ ಕಲ್ಲುಗಣಿ! ಮನೆ ಕಟ್ಟಲು ಬೇಕಾದ ಕಲ್ಲು ಊರ ಗುಡ್ಡದಿಂದಲೇ ಬರಬೇಕು. ಗುಡ್ಡ ಒಂದೇ ಇರುವಾಗ ಒಂದು ಕಲ್ಲನ್ನೂ ಅವಸರದಲ್ಲಿ ಒಡೆದು ಹಾಳುಮಾಡುವಂತಿಲ್ಲ. ಇಲ್ಲಿಯ ತರಬೇತುದಾರರ ನಡವಳಿಕೆಗೆ ಕಾರಣ ಇದೇ ಎಂದು ನನಗೆ ಹೋಗಹೋಗುತ್ತ ತಿಳಿಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಅತಿ ಚಿಕ್ಕವರಿಗೆ ಹತ್ತು ವರ್ಷ ಇರಬಹುದು. ಬಹುತೇಕ ಮಕ್ಕಳು ತಮ್ಮ ಮನೆಯಲ್ಲೇ ಇದ್ದುಕೊಂಡು, ತಮ್ಮ ಶಾಲೆಗೇ ಹೋಗಿಕೊಂಡು ಇಲ್ಲಿಗೆ ಬಂದುಹೋಗುತ್ತಾರೆ. ಬಂದವರೇ ಎದುರಾದ ಹಿರಿಯರಿಗೆಲ್ಲ ‘ಕೈಶೊ’ ಎಂದು ನಮಸ್ಕಾರ ಹೇಳುತ್ತಾರೆ. ಅದು ಬಾಸ್ಕ್ ಭಾಷೆ. ಪ್ರಪಂಚದ ಬೇರೆ ಯಾವ ಭಾಷೆಯೊಂದಿಗೂ ಅದರ ನಂಟು ಇದುವರೆಗೆ ಪತ್ತೆಯಾಗಿಲ್ಲ. ಹಾಗಾಗಿ ನನಗೆ ಒಂದು ಪದವೂ ಅಂದಾಜಿಗೆ ಸಿಗುತ್ತಿರಲಿಲ್ಲ. ಮೂರು ದಿನ ಕಷ್ಟಪಟ್ಟು ‘ಎಸ್ಕೆರ್ರಿಕ್ ಅಸ್ಕೊ’ ಕಲಿತೆ. ಧನ್ಯವಾದ ಎಂದರ್ಥ.

ನಾನು ಹೊಸ ಹೊಸ ಕಸರತ್ತುಗಳನ್ನು ಬರೆದುಕೊಳ್ಳಲೆಂದು ಇನ್ನೂರು ಪುಟದ ನೋಟ್‌ಬುಕ್ ಒಯ್ದಿದ್ದೆ. ಅದು ಅಷ್ಟೇನೂ ತುಂಬಲಿಲ್ಲ. ಅವರು ಆಡಿಸಿದ್ದು ನಾವೂ ಆಡಿಸುವ ಆಟಗಳನ್ನೇ. ಏಳೆಂಟು ಮಕ್ಕಳು ವೃತ್ತವಾಗಿ ನಿಂತು ಚೆಂಡನ್ನು ದಾಟಿಸುವುದು, ನಡುವಿನ ಇಬ್ಬರು ಅದನ್ನು ಕಸಿಯುವುದು. ನಾಲ್ಕು ಮಂದಿಗೆ ನಾಲ್ಕು ಮಂದಿ, ಪುಟ್ಟ ಗೋಲು. ಬೇರೆಯಾಗಿದ್ದದ್ದು ಸದ್ದು. ಮೈದಾನದಲ್ಲಿ ಕೂಗುತ್ತಿದ್ದವರು ಮಕ್ಕಳು ಮಾತ್ರ. ಕಟಕಟೆಯ ಆಚೆ ಕೊಡೆ ಹಿಡಿದು ನಿಂತ ಅಪ್ಪ ಅಮ್ಮಂದಿರು, ಅಜ್ಜ ಅಜ್ಜಿಯರು ಸುಮ್ಮನೆ ನೋಡುತ್ತಿದ್ದರು. ‘ಒದಿ, ಒದಿ! ಎಡಕ್ಕೆ, ಎಡಕ್ಕೆ!’ ಎನ್ನುವ ಒಂದೂ ದನಿ ಇಲ್ಲ. ನಮ್ಮ ಕಡೆ ಪಂದ್ಯವೆಂದರೆ ಆಡುವವರಿಗಿಂತ ಅಂಚಿನಲ್ಲಿ ನಿಂತವರ ಗಂಟಲೇ ಮೊದಲು ಒಣಗುವುದಲ್ಲವೇ?

ಒಬ್ಬ ಹುಡುಗ ಗೋಲಿನ ಮುಂದೆ ಚೆಂಡು ಕಳೆದುಕೊಂಡ. ಪಕ್ಕದಲ್ಲಿ ಗೆಳೆಯ ಒಬ್ಬನೇ ನಿಂತಿದ್ದ, ಅವನಿಗೆ ಕೊಟ್ಟಿದ್ದರೆ ಗೋಲು ಖಚಿತ. ತರಬೇತುದಾರ ಕೂಗಲಿಲ್ಲ. ನೀರು ಕುಡಿಯಲು ಬಂದಾಗ ಅವನ ಮುಂದೆ ಮೊಣಕಾಲೂರಿ ಕೂತು ಕೇಳಿದ್ದು ಇಷ್ಟೇ: ‘ಆಗ ನಿನಗೆ ಏನೇನು ಕಾಣಿಸಿತು?’ ಹುಡುಗ ಯೋಚಿಸಿದ. ‘ಗೋಲಿ ಮಾತ್ರ ಕಾಣಿಸಿದ’ ಎಂದ. ‘ಮುಂದಿನ ಸಲ ಇನ್ನೂ ಒಬ್ಬನನ್ನು ಹುಡುಕು.’ ಅಲ್ಲಿಗೆ ಮುಗಿಯಿತು. ಹತ್ತು ನಿಮಿಷದ ಮೇಲೆ ಆ ಹುಡುಗ ಚೆಂಡು ಬರುವ ಮೊದಲೇ ಕತ್ತು ತಿರುಗಿಸಿ ಅತ್ತ ಇತ್ತ ನೋಡಿಕೊಳ್ಳುತ್ತಿದ್ದ. ಆ ಸಂಜೆ ನಾನು ಬರೆದುಕೊಂಡದ್ದು ಆ ಪ್ರಶ್ನೆಯನ್ನು ಮಾತ್ರ.

ಇನ್ನೊಂದು ಪ್ರಶ್ನೆಯನ್ನು ನಾನೇ ಊರಿನಿಂದ ಹೊತ್ತುಕೊಂಡು ಹೋಗಿದ್ದೆ. ನಮ್ಮ ಮೈದಾನಕ್ಕೆ ದಿನಾ ಸಂಜೆ ಮೊಮ್ಮಗನ ಚೀಲ ಹಿಡಿದುಕೊಂಡು ಬರುವ ಅಜ್ಜಿಯೊಬ್ಬರಿದ್ದಾರೆ. ಹೊರಡುವ ಹಿಂದಿನ ದಿನ ಅವರು ಕೇಳಿದ್ದರು: ‘ಸರ್, ಇವ್ನು ಈ ಆಟದಲ್ಲಿ ಮುಂದೆ ಬರ್ತಾನಾ? ಬರಲ್ಲ ಅಂದ್ರೆ ಮುಂದಿನ ವರ್ಷದಿಂದ ಬಿಡಿಸ್ತೀನಿ ಅಂತಾನೆ ಇವ್ರಪ್ಪ.’ ಹುಡುಗ ಅಲ್ಲೇ ಬೂಟಿನ ದಾರ ಕಟ್ಟುತ್ತಿದ್ದ. ದಾರ ಕಟ್ಟಿ ಮುಗಿದರೂ ತಲೆ ಎತ್ತಲಿಲ್ಲ.

ನಾಲ್ಕನೆಯ ದಿನ ಊಟದ ಹೊತ್ತಿಗೆ ಇದನ್ನು ಲೆಸಾಮಾದ ಒಬ್ಬ ಹಿರಿಯ ತರಬೇತುದಾರರ ಮುಂದಿಟ್ಟೆ. ಅವರು ಚಮಚ ಕೆಳಗಿಟ್ಟರು. ‘ನನ್ನನ್ನು ಮೀನಿನಂಗಡಿಯಲ್ಲೂ ಇದನ್ನೇ ಕೇಳುತ್ತಾರೆ. ಹತ್ತು ವರ್ಷದ ಮಗುವಿನ ಬಗ್ಗೆ ಹಾಗೆ ಹೇಳಬಲ್ಲೆ ಎನ್ನುವವರನ್ನು ನಾನು ನಂಬುವುದಿಲ್ಲ. ನಾನು ಆ ದಿನ ಕಂಡದ್ದನ್ನು ಹೇಳುತ್ತೇನೆ. ಇಂದು ಎಡಗಾಲಲ್ಲಿ ಮೂರು ಸಲ ಸರಿಯಾಗಿ ಒದ್ದ, ಬಿದ್ದ ಗೆಳೆಯನನ್ನು ಎಬ್ಬಿಸಿದ, ಹೀಗೆ.’ ಇಲ್ಲಿಗೆ ಬರುವವರಲ್ಲೂ ಹೆಚ್ಚಿನ ಮಕ್ಕಳು ದೊಡ್ಡ ತಂಡದವರೆಗೆ ತಲುಪುವುದಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ‘ಮುಂದುವರಿಸಲಾಗುವುದಿಲ್ಲ ಎಂದು ಹೇಳಬೇಕಾದ ದಿನ ನಾವು ಕಾಗದ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಮಗುವನ್ನೂ ಮನೆಯವರನ್ನೂ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಮುಂದಿನ ವರ್ಷ ಯಾವ ತಂಡದಲ್ಲಿ ಆಡುತ್ತೀ ಎಂಬುದೂ ಆಗಲೇ ಮಾತಾಗುತ್ತದೆ. ಶನಿವಾರ ಅವನ ಹೊಸ ತಂಡದ ಆಟ ನೋಡಲು ಹೋಗುತ್ತೇನೆ. ಆ ದಿನ ಅವನು ಚೆನ್ನಾಗಿ ಆಡಿಯೇ ಆಡುತ್ತಾನೆ!’

ಆಮೇಲೆ ಅವರು ಅರಿತ್ಸ್ ಅದುರಿಸ್ ಎಂಬ ಆಟಗಾರನ ಹೆಸರು ಹೇಳಿದರು. ಈ ಕತೆಯನ್ನು ಬೂಟಿನ ದಾರ ಕಟ್ಟುವ ಎಲ್ಲ ಮಕ್ಕಳಿಗೂ ಹೇಳಬೇಕು. ಅದುರಿಸ್ ಹುಟ್ಟಿದ್ದು 1981ರಲ್ಲಿ. ಮೊದಲ ಸಲ ದೊಡ್ಡ ತಂಡಕ್ಕೆ ಬಂದಾಗ ಬೆರಳೆಣಿಕೆಯ ಪಂದ್ಯ ಆಡಿಸಿ ಬಿಟ್ಟುಬಿಟ್ಟರು. ಕೆಳದರ್ಜೆಯ ತಂಡಗಳಲ್ಲಿ ಆಡಿಕೊಂಡಿದ್ದು ಮತ್ತೆ ಬಂದ. 2008ರಲ್ಲಿ ಮತ್ತೆ ಬೇರೆ ಕ್ಲಬ್ಬಿಗೆ ಮಾರಿದರು. 2012ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಮೂರನೆಯ ಸಲ ಬಂದ. ಆಟಗಾರರು ಸಾಮಾನ್ಯವಾಗಿ ಇಳಿಮುಖವಾಗುವ ಆ ವಯಸ್ಸಿನ ನಂತರವೇ ಅವನು ಗೋಲುಗಳ ಸುರಿಮಳೆಗರೆದದ್ದು. 2016ರ ನವೆಂಬರಿನಲ್ಲಿ ಯುರೋಪಿನ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ. ಅದೇ ತಿಂಗಳು ಸ್ಪೇನ್ ದೇಶದ ತಂಡಕ್ಕಾಗಿ ಗೋಲು ಹೊಡೆದ ಅತಿ ಹಿರಿಯನೆನಿಸಿಕೊಂಡ. 2019ರ ಆಗಸ್ಟಿನಲ್ಲಿ, ವಯಸ್ಸು 38, ಬಾರ್ಸಿಲೋನಾ ವಿರುದ್ಧದ ಪಂದ್ಯ ಮುಗಿಯಲು ಇನ್ನೇನು ಒಂದೆರಡು ನಿಮಿಷವಿದ್ದಾಗ ಮೈದಾನಕ್ಕಿಳಿದು, ಗಾಳಿಯಲ್ಲಿ ಅಂಗಾತ ಮಲಗಿದಂತೆ ಹಾರಿ ಒದ್ದು ತಂಡವನ್ನು ಗೆಲ್ಲಿಸಿದ.

ನಾನು ಊರಿಗೆ ಮರಳಿದ ಮೇಲೆ ಅಜ್ಜಿಗೆ ಹೇಳಿದ್ದು ಅದೇ ಮಾತು: ಮುಂದೆ ಬರ್ತಾನೋ ಇಲ್ಲವೋ ನನಗೆ ತಿಳಿಯದು, ಆದರೆ ದಿನಾ ನಾನು ಕಂಡದ್ದನ್ನು ನಿಮಗೆ ಹೇಳ್ತೀನಿ. ಈಗ ಸಂಜೆ ಹೊರಡುವ ಮುನ್ನ ಅಜ್ಜಿ ಬಂದು ‘ಇವತ್ತೇನು ಕಂಡ್ರಿ?’ ಎಂದು ಕೇಳುತ್ತಾರೆ. ಅವರನ್ನು ನೋಡಿ ಉಳಿದವರೂ ಶುರುಮಾಡಿದ್ದಾರೆ. ಇಪ್ಪತ್ತೆರಡು ಮಕ್ಕಳು, ಎಲ್ಲರ ಬಗ್ಗೆಯೂ ಒಂದೊಂದು ಹೇಳಬೇಕಾದರೆ ನನಗೆ ಕಣ್ಣು ಮಿಟುಕಿಸಲು ಪುರಸೊತ್ತಿಲ್ಲ. ಆ ಹುಡುಗನ ಅಪ್ಪ ‘ಇನ್ನೊಂದು ವರ್ಷ ನೋಡೋಣ’ ಎಂದಿದ್ದಾರೆ.

ಲೆಸಾಮಾದಲ್ಲಿ ನನ್ನನ್ನು ಕಾಡಿದ ಇನ್ನೊಂದು ವಿಷಯವಿತ್ತು. ‘ನಮ್ಮವರು ಮಾತ್ರ’ ಎನ್ನುವ ಮಾತು ಕೇಳಲು ಸ್ವಲ್ಪ ಒರಟು. ಹಾಗಾದರೆ ಹೊರಗಿನಿಂದ ಬಂದು ನೆಲೆಸಿದವರ ಮಕ್ಕಳ ಗತಿ? ಅದಕ್ಕೆ ಉತ್ತರವಾಗಿ ಗೋಡೆಯ ಮೇಲೆ ಅಣ್ಣತಮ್ಮಂದಿರ ಚಿತ್ರವಿತ್ತು. ಇನ್ಯಾಕಿ ವಿಲಿಯಮ್ಸ್ ಮತ್ತು ನಿಕೊ ವಿಲಿಯಮ್ಸ್. ಇವರ ಅಪ್ಪ ಅಮ್ಮ ಆಫ್ರಿಕದ ಘಾನಾ ದೇಶದವರು. ಬದುಕು ಅರಸುತ್ತ ಸಹಾರಾ ಮರುಭೂಮಿಯಲ್ಲಿ ಬರಿಗಾಲಲ್ಲಿ ನಡೆದು ಬಂದವರು. ಸುಡುವ ಮರಳಿಗೆ ಅಪ್ಪನ ಪಾದಗಳು ಬೆಂದುಹೋಗಿದ್ದವು. ಬಿಲ್ಬಾವೊದಲ್ಲಿ ಅವರಿಗೆ ನೆರವಾದ ಪಾದ್ರಿಯ ಹೆಸರನ್ನೇ 1994ರಲ್ಲಿ ಹುಟ್ಟಿದ ಹಿರಿಮಗನಿಗೆ ಇಟ್ಟರು. ಇನ್ಯಾಕಿ ಎಂಬುದು ಅಪ್ಪಟ ಬಾಸ್ಕ್ ಹೆಸರು. ಅಪ್ಪ ದುಡಿಮೆಗೆಂದು ದೂರ ಹೋದಾಗ ತಮ್ಮನನ್ನು ಶಾಲೆಗೆ ಕರೆದೊಯ್ದು, ಉಣಿಸಿ, ತಿದ್ದಿ ಬೆಳೆಸಿದವನು ಅಣ್ಣನೇ. 2015ರಲ್ಲಿ ಇನ್ಯಾಕಿ ಅಥ್ಲೆಟಿಕ್ಕಿಗಾಗಿ ಗೋಲು ಹೊಡೆದ ಮೊದಲ ಕಪ್ಪು ವರ್ಣದ ಆಟಗಾರನಾದ. 2016ರಿಂದ 2023ರವರೆಗೆ ಒಂದೂ ತಪ್ಪದಂತೆ ಸತತ 251 ಲೀಗ್ ಪಂದ್ಯ ಆಡಿದ. ತಮ್ಮ ನಿಕೊ 2024ರ ಯುರೋಪಿಯನ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸ್ಪೇನಿನ ಮೊದಲ ಗೋಲು ಹೊಡೆದ. 2022ರ ವಿಶ್ವಕಪ್ಪಿನಲ್ಲಿ ಅಣ್ಣ ಆಡಿದ್ದು ಅಪ್ಪ ಅಮ್ಮನ ಘಾನಾಕ್ಕೆ, ತಮ್ಮ ಆಡಿದ್ದು ಸ್ಪೇನಿಗೆ. ಊರಿಗೆ ಬಂದರೆ ಇಬ್ಬರೂ ಪಟ್ಟೆ ಅಂಗಿಯ ಸಿಂಹಗಳೇ. ಇಲ್ಲಿ ಬೆಳೆದ ಮಗು ಇಲ್ಲಿಯದೇ ಎಂದು ಊರು ಒಪ್ಪಿಕೊಳ್ಳಲು ಸಮಯ ಹಿಡಿದಿರಬಹುದು, ಆದರೆ ಒಪ್ಪಿಕೊಂಡಿದೆ. ಇವರಿಬ್ಬರ ಹೆಸರು ಬರೆದ ಅಂಗಿ ತೊಟ್ಟ ಮಕ್ಕಳನ್ನು ನಾನು ಎಣಿಸಲು ಹೋಗಿ ಬಿಟ್ಟುಬಿಟ್ಟೆ.

ಕೊನೆಯ ಸಂಜೆ ಮಳೆ ನಿಂತಿತ್ತು. ಅಭ್ಯಾಸ ಮುಗಿಸಿದ ಪುಟಾಣಿಗಳು ನಮ್ಮನ್ನು ಸುತ್ತುವರಿದರು. ನಾನು ಭಾರತದವನೆಂದು ತಿಳಿದಾಗ ಒಬ್ಬ ಕೆಂಪುಗೂದಲಿನ ಹುಡುಗ ಕೇಳಿದ್ದು ಕ್ರಿಕೆಟ್ಟಿನ ವಿಷಯವನ್ನಲ್ಲ. ‘ನಿಮ್ಮಲ್ಲಿ ನಿಜವಾದ ಸಿಂಹ ಇವೆಯಾ?’ ಮಾರ್ಗದರ್ಶಿ ಅನುವಾದಿಸಿದ. ಗುಜರಾತಿನ ಗಿರ್ ಕಾಡಿನಲ್ಲಿ ಇವೆ ಎಂದೆ. ಮಕ್ಕಳ ಕಣ್ಣು ಅಗಲವಾದವು. ಆಗ ನೆನಪಾಗಿ ಜೇಬಿನಲ್ಲಿ ಉಳಿದಿದ್ದ ಐದು ರೂಪಾಯಿ ನಾಣ್ಯ ತೆಗೆದು ಅವನ ಒದ್ದೆ ಕೈಯಲ್ಲಿಟ್ಟೆ. ಸಾವಿರಾರು ವರ್ಷದ ಹಿಂದೆ ಅಶೋಕ ಎಂಬ ರಾಜ ಮಾಡಿಸಿದ ಸಿಂಹಗಳು ಇವು, ಒಟ್ಟು ನಾಲ್ಕಿವೆ ಎಂದು ಹೇಳಿದೆ.

ಅವನು ಬೆರಳಿಟ್ಟು ಬಾಸ್ಕ್ ಭಾಷೆಯಲ್ಲಿ ಎಣಿಸಿದ. ‘ಬಾತ್, ಬಿ, ಹಿರು...’ ಒಂದು, ಎರಡು, ಮೂರು. ನಿಲ್ಲಿಸಿ ನನ್ನ ಮುಖ ನೋಡಿದ. ಪಕ್ಕದ ಹುಡುಗಿಯೂ ಎಣಿಸಿದಳು. ಮೂರೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹುಡುಗ ಮೆಲ್ಲಗೆ, ಯಾರಿಗೂ ಏನೂ ಹೇಳದೆ, ನಾಲ್ಕನೆಯ ಸಿಂಹವನ್ನು ಹುಡುಕಲು ನಾಣ್ಯವನ್ನು ತಿರುಗಿಸಿದ.